ಅನ್ನದ ಅಗ್ನಿಯನ್ನು ಅಳೆದವನು

ಒಂದೇ ಬಗೆಯ ತಿನಿಸಿನ ಎರಡು ಪೊಟ್ಟಣಗಳು. ತೂಕ ಒಂದೇ, ಒಳಗಿನ ಪದಾರ್ಥವೂ ಹೆಚ್ಚುಕಡಮೆ ಒಂದೇ. ಹೊರಗೆ ಅಚ್ಚಾದ ಕ್ಯಾಲೊರಿಗಳ ಅಂಕೆ ಮಾತ್ರ ಬೇರೆ. ಮಧುಮೇಹದ ಭಯದಿಂದ ತುತ್ತು ತುತ್ತನ್ನೂ ಎಣಿಸಿ ಉಣ್ಣುವವರು ಯಾವುದನ್ನು ನಂಬಬೇಕು? ಈ ಅಂಕೆಗಳ ಮೂಲಪುರುಷನಾದ ವಿಲ್ಬರ್ ಓಲಿನ್ ಆಟ್‌ವಾಟರನ ಜೀವಿತವನ್ನು ಅರಿತರೆ ಈ ತೊಡಕಿನ ಎಳೆ ಕೈಗೆ ಸಿಕ್ಕುತ್ತದೆ.

ಈತನು 1844ರಲ್ಲಿ ಅಮೆರಿಕದ ನ್ಯೂಯಾರ್ಕ್ ಪ್ರಾಂತದಲ್ಲಿ ಮೆಥಡಿಸ್ಟ್ ಪಾದ್ರಿಯೊಬ್ಬನ ಮಗನಾಗಿ ಜನಿಸಿದನು. 1869ರಲ್ಲಿ ಯೇಲಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಜರ್ಮನಿಯಲ್ಲಿ ವ್ಯಾಸಂಗ ಮಾಡಿ, 1873ರಲ್ಲಿ ಕನೆಕ್ಟಿಕಟ್ ಪ್ರಾಂತದ ಮಿಡಲ್‌ಟೌನಿನಲ್ಲಿರುವ ವೆಸ್ಲಿಯನ್ ವಿದ್ಯಾಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕನಾದನು.

ಅಲ್ಲಿಯ ನೆಲಮಾಳಿಗೆಯಲ್ಲಿ ಭೌತಶಾಸ್ತ್ರಜ್ಞ ರೋಸಾನ ನೆರವಿನಿಂದ ಆತನು ಒಂದು ಪೆಟ್ಟಿಗೆಯಂಥ ಕೋಣೆಯನ್ನು ಕಟ್ಟಿದನು. ಮನುಷ್ಯನೊಬ್ಬನು ಅದರೊಳಗೆ ಹಗಲಿರುಳು ದಿನಗಟ್ಟಲೆ ವಾಸಿಸಬೇಕು. ಅಲ್ಲಿಯೇ ಊಟ, ನಿದ್ರೆ, ಓದು, ದುಡಿಮೆ. ಅವನ ಮೈಯಿಂದ ಹೊಮ್ಮಿದ ಶಾಖವನ್ನು ಕೊಳವೆಗಳಲ್ಲಿ ಹರಿಯುವ ನೀರು ಹೊತ್ತು ತರುತ್ತಿತ್ತು. ಉಂಡದ್ದನ್ನು ತೂಗಿದರು, ವಿಸರ್ಜಿಸಿದ್ದನ್ನೂ ತೂಗಿದರು, ಉಸಿರನ್ನೂ ಬಿಡಲಿಲ್ಲ. ಆಹಾರವನ್ನು ಬೆಂಕಿಯಲ್ಲಿ ಉರಿಸಿದಾಗ ಬರುವ ಶಾಖದಲ್ಲಿ ಜೀರ್ಣವಾಗದೆ ಹೋದ ಪಾಲನ್ನು ಕಳೆದು ಆತನು ನಿರ್ಣಯಿಸಿದ ಸರಾಸರಿ ಸರಳವಾದದ್ದು: ಗ್ರಾಮಿಗೆ ಪ್ರೋಟೀನಿನಿಂದ 4, ಶರ್ಕರಪಿಷ್ಟದಿಂದ 4, ಕೊಬ್ಬಿನಿಂದ ಸುಮಾರು 9 ಕ್ಯಾಲೊರಿ.

ಮದ್ಯಸಾರವನ್ನೂ ಆತನು ಪರೀಕ್ಷಿಸಿದನು. ಅದೂ ದೇಹದಲ್ಲಿ ಉರಿದು ಶಕ್ತಿ ಕೊಡುವುದೆಂದು ಕಂಡನು. ಮದ್ಯವು ಆಹಾರವೇ ಅಲ್ಲವೆಂದು ಮಕ್ಕಳಿಗೆ ಬೋಧಿಸುತ್ತಿದ್ದ ಪಾನನಿರೋಧಕರು ಕೆರಳಿದರು. ಹೆಂಡದ ವ್ಯಾಪಾರಿಗಳು ಹಿಗ್ಗಿದರು. ಪಾದ್ರಿಯ ಮಗನಿಗೆ ಎರಡೂ ಹಿತವಾಗಿರಲಾರವು. ಆದರೂ ಕಂಡದ್ದನ್ನು ಮುಚ್ಚಿಡಲಿಲ್ಲ; ಈ ಲೇಖಕನಿಗೆ ಆತನ ಬಾಳಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ತೋರುವುದು ಇದೇ. ತಪ್ಪಿದ್ದೂ ಉಂಟು. ಜೀವಸತ್ವಗಳ ಅರಿವಿಲ್ಲದ ಆ ಕಾಲದಲ್ಲಿ, ಸೊಪ್ಪು ಹಣ್ಣುಗಳು ಕಾಸಿಗೆ ತಕ್ಕ ಶಕ್ತಿ ನೀಡವೆಂದು ಬಡ ಕೂಲಿಕಾರರಿಗೆ ಬುದ್ಧಿ ಹೇಳಿದ್ದನು!

1904ರಲ್ಲಿ ಪಾರ್ಶ್ವವಾಯು ಬಡಿದು, 1907ರಲ್ಲಿ ಆತನು ತೀರಿಕೊಂಡನು. ಉಳಿದವು ಅಂಕೆಗಳು.

ಆ ಅಂಕೆಗಳು ಬೆರಕೆಯ ಊಟಕ್ಕೆ ಹೊಂದುವ ಸರಾಸರಿಗಳು. ಧಾನ್ಯ, ಮಾಂಸ, ಹಣ್ಣುಗಳು ಜೀರ್ಣವಾಗುವ ಪ್ರಮಾಣ ಬೇರೆ ಬೇರೆಯೆಂಬುದನ್ನು ಆಟ್‌ವಾಟರನೇ ಅಳೆದು ತೋರಿಸಿದ್ದನು. ಮುಂದೆ ಪೊಟ್ಟಣಗಳ ಯುಗ ಬಂದಾಗ ಆ ಸರಾಸರಿಯೇ ಒಂದೊಂದು ತಿನಿಸಿನ ಮೇಲೂ ಕುಳಿತಿತು. ಅಮೆರಿಕದ ಕಾನೂನು ತಯಾರಕನಿಗೆ ಹಲವು ಲೆಕ್ಕದ ದಾರಿಗಳನ್ನು ಬಿಟ್ಟುಕೊಟ್ಟಿದೆ. ಸಾಮಾನ್ಯ ಸರಾಸರಿಯನ್ನು ಹಿಡಿಯಬಹುದು, ಆಯಾ ಆಹಾರಕ್ಕೆ ಮೀಸಲಾದ ಅಂಕೆಯನ್ನು ಹಿಡಿಯಬಹುದು, ಜೀರ್ಣವಾಗದ ನಾರನ್ನು ಕಳೆಯಲೂಬಹುದು. ಯೂರೋಪಿನಲ್ಲಿ ನಾರಿಗೆ ಗ್ರಾಮಿಗೆ 2 ಕ್ಯಾಲೊರಿಯೆಂದು ಪ್ರತ್ಯೇಕ ಗಣನೆ. ಆದ್ದರಿಂದ ಎರಡು ಪೊಟ್ಟಣಗಳು ಭಿನ್ನವಾಗಿ ನುಡಿದರೂ ಎರಡೂ ಕಾನೂನಿಗೆ ಒಳಪಟ್ಟೇ ಇರಬಹುದು.

2012ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಮನುಷ್ಯರಿಗೆ ಬಾದಾಮಿಯನ್ನು ತಿನ್ನಿಸಿ, ಆಟ್‌ವಾಟರನಂತೆಯೇ ಉಂಡದ್ದನ್ನೂ ಹೊರಬಿದ್ದದ್ದನ್ನೂ ಅಳೆದರು. ಹಳೆಯ ಅಂಕೆಯ ಲೆಕ್ಕದಲ್ಲಿ 28 ಗ್ರಾಮಿಗೆ ಸುಮಾರು 170 ಕ್ಯಾಲೊರಿ. ದೇಹಕ್ಕೆ ದಕ್ಕಿದ್ದು 129. ಬಾದಾಮಿಯ ಕೊಬ್ಬಿನಲ್ಲಿ ಒಂದು ಪಾಲು ಗಟ್ಟಿಯಾದ ಜೀವಕೋಶಗಳ ಗೋಡೆಯೊಳಗೆ ಸೆರೆಯಾಗಿ, ಜೀರ್ಣವಾಗದೆ ಹಾಗೆಯೇ ಹೊರಬೀಳುತ್ತದೆ.