ರೀಟಾ ಹೇವರ್ಥ್: ಜಗತ್ತು ಕುಡಿತವೆಂದಿತು, ಅದು ಮರೆವಿನ ರೋಗ

ಹಳೆಯ ಹಾಲಿವುಡ್ ಚಿತ್ರಗಳನ್ನು ನೋಡಿದವರಿಗೆ ರೀಟಾ ಹೇವರ್ಥ್ ಹೆಸರು ಹೊಸತಲ್ಲ. 1946ರ ‘ಗಿಲ್ಡಾ’ ಅವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿತು. ಆದರೆ ಅವರ ಕೊನೆಯ ಹದಿನೈದು ವರ್ಷಗಳ ಕತೆಯಿಂದ ಸಿನಿಮಾ ನೋಡದವರಿಗೂ ಉಪಕಾರವಾಗಿದೆ.

ಹುಟ್ಟಿದ್ದು 1918ರ ಅಕ್ಟೋಬರ್ 17ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಮೂಲ ಹೆಸರು ಮಾರ್ಗರೀಟಾ ಕಾರ್ಮೆನ್ ಕನ್ಸಿನೊ. ತಂದೆ ಸ್ಪೇನಿನಿಂದ ಬಂದ ನೃತ್ಯಗಾರ. ಶಾಲೆ ಕಲಿಯಬೇಕಾದ ವಯಸ್ಸಿನಲ್ಲಿ ಹುಡುಗಿ ಗಡಿ ದಾಟಿ ಮೆಕ್ಸಿಕೋದ ಟಿಯುವಾನಾ ಊರಿನ ಕ್ಲಬ್ಬುಗಳಲ್ಲಿ ತಂದೆಯ ಜತೆ ಕುಣಿದು ಮನೆಗೆ ದುಡಿದಳು. ಸಿನಿಮಾಕ್ಕೆ ಬಂದ ಮೇಲೆ ಹೆಸರು ಬದಲಾಯಿತು, ಕಪ್ಪು ಕೂದಲು ಕೆಂಪಾಯಿತು. ಐದು ಮದುವೆಗಳಾದವು, ಐದೂ ಮುರಿದವು. ನಿರ್ದೇಶಕ ಆರ್ಸನ್ ವೆಲ್ಸ್ ಅವರಿಂದ ರೆಬೆಕಾ, ರಾಜಕುಮಾರ ಅಲಿ ಖಾನ್ ಅವರಿಂದ ಯಾಸ್ಮಿನ್ ಎಂಬ ಹೆಣ್ಣುಮಕ್ಕಳು. ಪುಣೆಯ ಆಗಾ ಖಾನ್ ಅರಮನೆ ಕಟ್ಟಿಸಿದವರು ಇದೇ ಯಾಸ್ಮಿನ್‌ರ ಅಜ್ಜ.

ಐವತ್ತರ ಆಸುಪಾಸಿನಲ್ಲಿ ರೀಟಾರಿಗೆ ಮಾತು ನೆನಪಿನಲ್ಲಿ ನಿಲ್ಲದಾಯಿತು. 1972ರಲ್ಲಿ ತೆರೆಕಂಡ ಕೊನೆಯ ಚಿತ್ರಕ್ಕೆ ಸಂಭಾಷಣೆಯನ್ನು ಒಂದೊಂದೇ ಸಾಲು ಹೇಳಿಕೊಟ್ಟು ಚಿತ್ರೀಕರಿಸಬೇಕಾಯಿತು. ಕಾರಣವಿಲ್ಲದ ಸಿಟ್ಟು, ಭಯ ಬೇರೆ. ಮೊದಲೇ ಕುಡಿತದ ಅಭ್ಯಾಸವಿದ್ದುದರಿಂದ ಎಲ್ಲರೂ ಬಾಟಲಿಯ ಮೇಲೆಯೇ ತಪ್ಪು ಹೊರಿಸಿದರು. 1976ರ ಜನವರಿಯಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ ಇಳಿದ ಅವರ ಕೆದರಿದ ಕೂದಲು, ದಿಕ್ಕೆಟ್ಟ ಮುಖದ ಫೋಟೋ ಪತ್ರಿಕೆಗಳಲ್ಲಿ ಬಂತು. ಕುಡಿದ ಅಮಲು ಎಂದೇ ಓದುಗರು ತಿಳಿದರು. ಅರವತ್ತಕ್ಕೆ ಅರಳುಮರಳು ಎಂಬ ಮಾತು ಕನ್ನಡದಲ್ಲಿದೆ. ಅವರಿಗಾಗ ಐವತ್ತೇಳು.

ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ಈ ರೋಗವನ್ನು ವಿವರಿಸಿದಾಗ ಅವರ ಮುಂದಿದ್ದ ರೋಗಿಯೂ ಐವತ್ತು ದಾಟಿದ ಹೆಂಗಸೇ. ಮೆದುಳಿನಲ್ಲಿ ಕೆಲವು ಪ್ರೋಟೀನುಗಳು ಗಂಟುಗಟ್ಟಿ ಜೀವಕೋಶಗಳು ಸಾಯುತ್ತವೆ. ಇಂದಿಗೂ ಪೂರ್ತಿ ಗುಣಪಡಿಸುವ ಔಷಧವಿಲ್ಲ. ಆದರೆ ರೀಟಾರ ಕಾಯಿಲೆಗೆ ಆ ಹೆಸರು ಸಿಕ್ಕಿದ್ದು 1980ರಲ್ಲಿ. ಅಷ್ಟರವರೆಗಿನ ವರ್ಷಗಳು ಚಾಡಿಮಾತಿಗೇ ಹೋದವು.

1981ರಲ್ಲಿ ನ್ಯಾಯಾಲಯ ತಾಯಿಯ ಹೊಣೆಯನ್ನು ಯಾಸ್ಮಿನ್‌ಗೆ ವಹಿಸಿತು. ಆಗ ಆಕೆಗೆ ಮೂವತ್ತೊಂದು ವರ್ಷ. ತಾಯಿಯನ್ನು ನ್ಯೂಯಾರ್ಕಿಗೆ ಕರೆತಂದು ತನ್ನ ಮನೆಯ ಪಕ್ಕದಲ್ಲೇ ಇರಿಸಿಕೊಂಡರು. ಹಣವಿದ್ದ ಕುಟುಂಬ, ದಾದಿಯರನ್ನು ಇಡುವ ಶಕ್ತಿಯಿತ್ತು. ಆದರೂ ಹೆತ್ತ ತಾಯಿಗೆ ಮಗಳ ಗುರುತು ಸಿಗದಾದಾಗ ಆ ಸಂಕಟವನ್ನು ಯಾವ ದಾದಿಗೆ ಒಪ್ಪಿಸುವುದು? ಮನೆತನದ ಮರ್ಯಾದೆಯೆಂದು ಮುಚ್ಚಿಡುವ ಕಾಲದಲ್ಲಿ ಯಾಸ್ಮಿನ್ ರೋಗದ ಹೆಸರನ್ನು ಬಹಿರಂಗವಾಗಿ ಹೇಳಿದರು. ಅವರ ದೊಡ್ಡ ಕೆಲಸ ಅದೇ. ಹಣ ಕೂಡಿಸಿದ್ದು ಆಮೇಲಿನದು. 1985ರಿಂದ ತಾಯಿಯ ಹೆಸರಿನಲ್ಲಿ ನಡೆಸಿದ ಸಮಾರಂಭಗಳು ಸಂಶೋಧನೆಗೆ, ರೋಗಿಗಳ ಮನೆಯವರ ನೆರವಿಗೆ ಕೋಟ್ಯಂತರ ಡಾಲರ್ ತಂದವು.

1987ರ ಮೇ 14ರಂದು ರೀಟಾ ತೀರಿಕೊಂಡರು, 68ನೇ ವಯಸ್ಸಿನಲ್ಲಿ. ಆಗ ಸಂತಾಪ ಸೂಚಿಸಿದ ಅಧ್ಯಕ್ಷ ರೇಗನ್ ಅವರಿಗೂ ಅದೇ ರೋಗವಿರುವುದು 1994ರಲ್ಲಿ ಪ್ರಕಟವಾಯಿತು.

ಯಾಸ್ಮಿನ್ ಮುಂದೆ ಅಂತರರಾಷ್ಟ್ರೀಯ ಆಲ್ಝೈಮರ್ ಸಂಘಟನೆಯ ಅಧ್ಯಕ್ಷೆಯೂ ಆದರು. ಅದರ ಸದಸ್ಯನಾದ ಭಾರತದ ಸಂಘ 1992ರಲ್ಲಿ ಕೇರಳದಲ್ಲೇ ಹುಟ್ಟಿತು. 2005ರಲ್ಲಿ ಮಲಯಾಳದ ‘ತನ್ಮಾತ್ರ’, 2016ರಲ್ಲಿ ಕನ್ನಡದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರಗಳು ಈ ರೋಗ ಹೊಕ್ಕ ಮನೆಗಳ ಕತೆಯನ್ನು ಹೇಳಿದವು.