ಆಟವನ್ನು ಅಂಗೈಗೆ ತಂದ ಗುನ್‌ಪೇ ಯೊಕೊಯಿ

ವಿಡಿಯೊ ಗೇಮ್ ಆಡಿದವರಿಗೆಲ್ಲ ಮಾರಿಯೊ ಗೊತ್ತು, ಟೆಟ್ರಿಸ್ ಗೊತ್ತು. ಆದರೆ ಆ ಆಟಗಳು ಮನೆಮಾತಾಗಲು ನೆರವಾದ ಪ್ಲಸ್ ಆಕಾರದ ಗುಂಡಿಯನ್ನೂ ಗೇಮ್ ಬಾಯ್ ಯಂತ್ರವನ್ನೂ ಜಗತ್ತಿಗೆ ನೀಡಿದ ಜಪಾನಿನ ಎಂಜಿನಿಯರ್ ಗುನ್‌ಪೇ ಯೊಕೊಯಿ ಅವರ ಹೆಸರು ಬಲ್ಲವರು ವಿರಳ.

1941ರ ಸೆಪ್ಟೆಂಬರ್ 10ರಂದು ಕ್ಯೋಟೊದಲ್ಲಿ ಜನಿಸಿದ ಯೊಕೊಯಿ, ದೋಶಿಶಾ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮುಗಿಸಿ 1965ರಲ್ಲಿ ಅದೇ ಊರಿನ ನಿಂಟೆಂಡೊ ಕಂಪನಿ ಸೇರಿದರು. ಆಗ ಅದು ಇಸ್ಪೀಟು ಎಲೆಗಳಿಗೆ ಹೆಸರಾದ ಸಂಸ್ಥೆ. ಎಲೆ ತಯಾರಿಸುವ ಯಂತ್ರಗಳ ಉಸ್ತುವಾರಿ ಇವರ ಪಾಲಿಗೆ ಬಂತು. ಬಿಡುವಿನಲ್ಲಿ ಇವರು ಮಾಡಿಕೊಂಡಿದ್ದ, ಕತ್ತರಿಯಂತೆ ಚಾಚಿ ದೂರದ ವಸ್ತುವನ್ನು ಹಿಡಿಯುವ ಆಟಿಕೆ ಅಧ್ಯಕ್ಷ ಹಿರೋಶಿ ಯಮೌಚಿ ಅವರ ಕಣ್ಣಿಗೆ ಬಿತ್ತು. ಯಮೌಚಿ ಗದರಿಸಲಿಲ್ಲ, ಅದನ್ನೇ ಮಾರುಕಟ್ಟೆಗೆ ತರಲು ಸೂಚಿಸಿದರು. 1966ರಲ್ಲಿ ಹೊರಬಂದ 'ಅಲ್ಟ್ರಾ ಹ್ಯಾಂಡ್' 10 ಲಕ್ಷಕ್ಕೂ ಅಧಿಕ ಸಂಖ್ಯೆಯಲ್ಲಿ ಮಾರಾಟವಾಯಿತು.

ಹಳೆಯ ತಂತ್ರಜ್ಞಾನ, ಹೊಸ ಬಳಕೆ

ಬಳಸಿ ಹಳತಾದ, ಅಗ್ಗವಾದ ತಂತ್ರಜ್ಞಾನಕ್ಕೆ ಯಾರೂ ಊಹಿಸದ ಉಪಯೋಗ ಕಂಡುಕೊಳ್ಳುವುದು ಯೊಕೊಯಿ ಅವರ ನೀತಿಯಾಗಿತ್ತು. ಕ್ಯಾಲ್ಕುಲೇಟರ್‌ನ ಪರದೆಯಿಂದ 1980ರಲ್ಲಿ 'ಗೇಮ್ ಅಂಡ್ ವಾಚ್' ಹುಟ್ಟಿತು. ಪುಟ್ಟ ಯಂತ್ರಕ್ಕೆ ಉದ್ದನೆಯ ಹಿಡಿಕೆ ಹೊಂದದಾದಾಗ, 1982ರ 'ಡಾಂಕಿ ಕಾಂಗ್' ಆವೃತ್ತಿಗೆ ಪ್ಲಸ್ ಆಕಾರದ ಗುಂಡಿ ರೂಪಿಸಿದರು. ಮರುವರ್ಷ ಬಂದ ಫ್ಯಾಮಿಕಾಮ್ ಅದನ್ನೇ ಅಳವಡಿಸಿಕೊಂಡಿತು. 1985ರಲ್ಲಿ 'ಸೂಪರ್ ಮಾರಿಯೊ ಬ್ರದರ್ಸ್' ಆಡಿದ ಮಕ್ಕಳ ಹೆಬ್ಬೆರಳು ಊರಿದ್ದು ಅದರ ಮೇಲೆಯೇ.

1989ರಲ್ಲಿ ಗೇಮ್ ಬಾಯ್ ಬಂತು. ಪ್ರತಿಸ್ಪರ್ಧಿಗಳಾದ ಅಟಾರಿ ಹಾಗೂ ಸೇಗಾ ಬಣ್ಣದ ಪರದೆಯ ಮೊರೆಹೋದರೆ, ಯೊಕೊಯಿ ಮಂಕು ಹಸಿರು ಪರದೆಗೇ ಅಂಟಿಕೊಂಡರು. ಪರಿಣಾಮ, ಯಂತ್ರದ ಬೆಲೆ ಇಳಿಯಿತು. ಬ್ಯಾಟರಿ ಹೆಚ್ಚು ಕಾಲ ಬಾಳಿತು. ಅಮೆರಿಕದಲ್ಲಿ ಯಂತ್ರದೊಡನೆ ನೀಡಿದ ಟೆಟ್ರಿಸ್ ದೊಡ್ಡವರನ್ನೂ ಸೆಳೆಯಿತು. ನಂತರದ ಬಣ್ಣದ ಆವೃತ್ತಿಯೂ ಸೇರಿ 11.8 ಕೋಟಿ ಯಂತ್ರಗಳು ಮಾರಾಟವಾದವು. 1996ರಲ್ಲಿ ಪೊಕೆಮಾನ್ ತೆರೆ ಕಂಡಿದ್ದೂ ಇದೇ ಹಳೆಯ ಯಂತ್ರದಲ್ಲಿ.

ಸೋಲು ಮತ್ತು ನಿರ್ಗಮನ

ಗೆಲ್ಲಿಸಿದ ನೀತಿಯೇ ಒಮ್ಮೆ ಕೈಕೊಟ್ಟಿತು. 1995ರ 'ವರ್ಚುವಲ್ ಬಾಯ್'ಗೂ ಅಗ್ಗದ ಕೆಂಪು ದೀಪಗಳನ್ನೇ ಆರಿಸಲಾಯಿತು. ಗೇಮ್ ಬಾಯ್‌ನಲ್ಲಿ ಮಿತವ್ಯಯದ ಲಾಭ ಆಟಗಾರನಿಗೆ ಸಂದಿತ್ತು. ಇಲ್ಲಿ ಮೇಜಿಗೆ ಬಾಗಿ ಕೆಂಪು ಚಿತ್ರ ದಿಟ್ಟಿಸುವ ದಣಿವು ಆಟಗಾರನ ಪಾಲಾಯಿತು. ಯಂತ್ರ ಸುಮಾರು ಒಂದು ವರ್ಷದಲ್ಲೇ ಮಾರುಕಟ್ಟೆಯಿಂದ ಮರೆಯಾಯಿತು. 1996ರ ಆಗಸ್ಟ್‌ನಲ್ಲಿ ಯೊಕೊಯಿ ನಿಂಟೆಂಡೊ ತೊರೆದಾಗ ಸೋಲೇ ಕಾರಣವೆಂಬ ಮಾತು ಹಬ್ಬಿತು. ಅದನ್ನು ಅವರು ಅಲ್ಲಗಳೆದಿದ್ದರು.

'ಕೋಟೊ' ಎಂಬ ಸ್ವಂತ ಸಂಸ್ಥೆ ಸ್ಥಾಪಿಸಿದ ಅವರು, ಬಂಡಾಯ್ ಕಂಪನಿಯ 'ವಂಡರ್‌ಸ್ವಾನ್' ಯಂತ್ರದ ರೂಪಣೆಯಲ್ಲಿ ತೊಡಗಿದರು. ಅದು ಒಂದೇ ಬ್ಯಾಟರಿಯಲ್ಲಿ ಓಡುವ, ಕಪ್ಪು-ಬಿಳುಪು ಪರದೆಯ ಯಂತ್ರ. ಸೋಲಿನ ಬಳಿಕವೂ ಅವರು ತಮ್ಮ ನಂಬಿಕೆ ಬಿಟ್ಟುಕೊಟ್ಟಿರಲಿಲ್ಲ. ಆದರೆ ಅದು ಪೂರ್ಣಗೊಳ್ಳುವುದನ್ನು ಕಾಣುವ ಯೋಗ ಅವರಿಗಿರಲಿಲ್ಲ. 1997ರ ಅಕ್ಟೋಬರ್ 4ರಂದು ಇಶಿಕಾವಾ ಪ್ರಾಂತ್ಯದ ಹೆದ್ದಾರಿಯಲ್ಲಿ ಸಣ್ಣ ಅಪಘಾತವೊಂದರ ಬಳಿಕ ಕಾರಿನಿಂದ ಇಳಿದಿದ್ದ ಅವರಿಗೆ ಮತ್ತೊಂದು ವಾಹನ ಡಿಕ್ಕಿ ಹೊಡೆಯಿತು. ಆಗ ಅವರಿಗೆ 56 ವರ್ಷ.

1999ರಲ್ಲಿ ವಂಡರ್‌ಸ್ವಾನ್ ಬಿಡುಗಡೆಯಾದಾಗ ಅದರೊಂದಿಗೆ ಬಂದ ಒಗಟಿನ ಆಟಕ್ಕೆ 'ಗುನ್‌ಪೇ' ಎಂದೇ ಹೆಸರಿಡಲಾಗಿತ್ತು.