ಗ್ರಿಫಿತ್ ಇವಾನ್ಸ್

ಮೂಕಪ್ರಾಣಿಗಳು ತಮ್ಮ ನೋವನ್ನು ಬಾಯಿಬಿಟ್ಟು ಹೇಳಲಾರವು. ಅದನ್ನು ಅರಿಯಬೇಕಾದರೆ ವೈದ್ಯನಿಗೆ ವಿದ್ಯೆಯೊಡನೆ ತಾಳ್ಮೆಯೂ ಇರಬೇಕು. ಇವೆರಡೂ ಮೇಳವಿಸಿದ್ದ ವಿಜ್ಞಾನಿ ಗ್ರಿಫಿತ್ ಇವಾನ್ಸ್.

ಇವಾನ್ಸರು 1835ರ ಆಗಸ್ಟ್ 7ರಂದು ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಜನಿಸಿದರು. ಲಂಡನ್ನಿನಲ್ಲಿ ಪಶುವೈದ್ಯ ಶಿಕ್ಷಣವನ್ನು ಮುಗಿಸಿ, 1860ರಲ್ಲಿ ಸೈನ್ಯವನ್ನು ಸೇರಿ ಕುದುರೆಗಳ ವೈದ್ಯರಾದರು. ಮರುವರ್ಷ ಅವರನ್ನು ಕೆನಡಾ ದೇಶಕ್ಕೆ ಕಳುಹಿಸಲಾಯಿತು. ಅಲ್ಲಿ ಅವರು ಬಿಡುವಿನ ವೇಳೆಯನ್ನು ವ್ಯರ್ಥಗೊಳಿಸಲಿಲ್ಲ. ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಮಾನವ ವೈದ್ಯಶಾಸ್ತ್ರವನ್ನೂ ಅಭ್ಯಾಸಮಾಡಿ, 1864ರಲ್ಲಿ ಪದವಿಯನ್ನು ಪಡೆದರು. ಹೀಗೆ ಪಶುವೈದ್ಯ ಹಾಗೂ ಮಾನವ ವೈದ್ಯ ಎಂಬ ಎರಡು ವಿದ್ಯೆಗಳು ಅವರಿಗೆ ಕೈವಶವಾದವು. ಸೂಕ್ಷ್ಮದರ್ಶಕವು ಅವರ ನಿತ್ಯದ ಒಡನಾಡಿಯಾಯಿತು.

1877ರಲ್ಲಿ ಇವಾನ್ಸರು ಭಾರತಕ್ಕೆ ಬಂದರು. ಆ ಕಾಲದಲ್ಲಿ ಪಂಜಾಬ್ ಪ್ರಾಂತದಲ್ಲಿ 'ಸರ್ರಾ' ಎಂಬ ಬೇನೆಯು ಕುದುರೆ, ಒಂಟೆಗಳನ್ನು ಬಲಿತೆಗೆದುಕೊಳ್ಳುತ್ತಿತ್ತು. ಬೇನೆ ತಗುಲಿದ ಪ್ರಾಣಿಗೆ ಬಿಟ್ಟುಬಿಟ್ಟು ಜ್ವರ ಬರುತ್ತಿತ್ತು. ರಕ್ತ ಕ್ಷೀಣಿಸಿ, ಮೈ ಸೊರಗಿ, ಕೊನೆಗೆ ಅದು ಸಾಯುತ್ತಿತ್ತು. ಕಾರಣ ಯಾರಿಗೂ ತಿಳಿದಿರಲಿಲ್ಲ. ಅದನ್ನು ಕಂಡುಹಿಡಿಯುವ ಹೊಣೆ ಇವಾನ್ಸರದಾಯಿತು.

1880ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನ್ ಎಂಬಲ್ಲಿ ಅವರು ರೋಗಗ್ರಸ್ತ ಪ್ರಾಣಿಗಳ ರಕ್ತವನ್ನು ಪರೀಕ್ಷಿಸಿದರು. ರಕ್ತಕಣಗಳ ನಡುವೆ ಚಾವಟಿಯಂತೆ ಬಳುಕುತ್ತ ಓಡಾಡುವ ಸೂಕ್ಷ್ಮಜೀವಿಯೊಂದು ಕಾಣಿಸಿತು. ಆ ರಕ್ತವನ್ನು ಆರೋಗ್ಯವಂತ ಪ್ರಾಣಿಗಳಿಗೆ ಸೇರಿಸಿದಾಗ ಅವುಗಳಿಗೂ ಬೇನೆ ಬಂದಿತು. ರೋಗಕ್ಕೆ ಈ ಜೀವಿಯೇ ಕಾರಣವೆಂದು ಇವಾನ್ಸರು ಸಾರಿದರು.

ಆದರೆ ಅಂದಿನ ಪಂಡಿತರು ಅದನ್ನು ಒಪ್ಪಲಿಲ್ಲ. ರಕ್ತದಲ್ಲಿರುವ ಇಂತಹ ಪರೋಪಜೀವಿಗಳು ನಿರುಪದ್ರವಿಗಳೆಂಬುದು ಅವರ ನಂಬಿಕೆಯಾಗಿತ್ತು. ಇವಾನ್ಸರು ಎದೆಗುಂದಲಿಲ್ಲ, ತಾವು ಕಂಡ ಸತ್ಯವನ್ನು ಬಿಟ್ಟುಕೊಡಲೂ ಇಲ್ಲ. ಮುಂದೆ ಡೇವಿಡ್ ಬ್ರೂಸ್ ಎಂಬ ವೈದ್ಯರು ಆಫ್ರಿಕದ ದನಕರುಗಳ 'ನಗಾನ' ರೋಗದಲ್ಲಿ ಇದೇ ಜಾತಿಯ ಜೀವಿಯನ್ನು ಕಂಡರು. ಮನುಷ್ಯರನ್ನು ಕೊಲ್ಲುವ ನಿದ್ರಾರೋಗಕ್ಕೂ ಅಂತಹ ಜೀವಿಯೇ ಮೂಲವೆಂದು ತಿಳಿದುಬಂದಿತು. ಸರ್ರಾ ರೋಗದ ಜೀವಿಗೆ 'ಟ್ರಿಪನೊಸೋಮ ಇವಾನ್ಸಿ' ಎಂಬ ಹೆಸರು ನಿಂತಿತು. 1917ರಲ್ಲಿ ಇವಾನ್ಸರಿಗೆ ಮೇರಿ ಕಿಂಗ್ಸ್ಲಿ ಪದಕ ಸಂದಿತು. ತುಂಬು ಜೀವನ ನಡೆಸಿದ ಅವರು, ನೂರು ವರ್ಷ ತುಂಬಿದ ಬಳಿಕ, 1935ರ ಡಿಸೆಂಬರ್ 7ರಂದು ನಿಧನರಾದರು.

ಪ್ರಾಣಿಗಳ ರೋಗ ಬೇರೆ, ಮನುಷ್ಯರ ರೋಗ ಬೇರೆ ಎಂದು ಗೆರೆ ಎಳೆಯುವುದು ಸುಲಭವಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದಾಗ, ಸುತ್ತಲಿನ ಹಳ್ಳಿಗರೂ ಜ್ವರದಿಂದ ನರಳಿದರು. ಉಣ್ಣೆಗಳಿಂದ ಹರಡುವ ಆ ಮಂಗನ ಕಾಯಿಲೆ ಮಲೆನಾಡಿಗೆ ಕಲಿಸಿದ ಪಾಠವೂ ಇದೇ. ಎರಡು ವಿದ್ಯೆಗಳನ್ನು ಒಂದುಗೂಡಿಸಿದ ಇವಾನ್ಸರ ಬಾಳು ಈ ಪಾಠಕ್ಕೆ ಹಿಡಿದ ದೀಪದಂತಿದೆ.